ಕೆಳಗೆ ಬಿಡದ ಕೂಸು

"ಮಗೂನ ಸ್ವಲ್ಪ ಕೆಳಗೆ ಬಿಡೀಮ್ಮ" ಎಂದು ಡಾಕ್ಟರಮ್ಮ ಹೇಳಿದಾಗ ಆ ಮಾತು ತನಗೇ ಹೇಳಿದ್ದು ಎಂದು ಹೊಂಬಾಳಮ್ಮನಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಮಗುವಿನ ತಾಯಿ ಮಾನಸ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮಗು ಮಾತ್ರ ಎಂದಿನಂತೆ ಸೋದರತ್ತೆ ಹೊಂಬಾಳಮ್ಮನ ಎಡಸೊಂಟದ ಮೇಲಿತ್ತು. ರಾಮನಗರದ ಆ ಕ್ಲಿನಿಕ್ಕಿನ ನೆಲಕ್ಕೆ ಅಕ್ಷರಮಾಲೆಯ ಪ್ಲಾಸ್ಟಿಕ್ ಚಾಪೆ ಹಾಸಿದ್ದರು. ಹೊಂಬಾಳಮ್ಮ ಬಗ್ಗಿ ಮಗುವನ್ನು ಅದರ ಮೇಲೆ ಕೂರಿಸಿದಳು. ಮಗು ಕೂತಿದ್ದ ಜಾಗದಲ್ಲಿ ಸೀರೆ ಬೆವರಿಗೆ ಒದ್ದೆಯಾಗಿತ್ತು, ಫ್ಯಾನಿನ ಗಾಳಿಗೆ ಅಲ್ಲಿ ತಣ್ಣಗಾಯಿತು. ಡಾಕ್ಟರಮ್ಮ ಗಿಲಕಿ ಅಲ್ಲಾಡಿಸಿದರು, ಹಳದಿ ಬಾತುಕೋಳಿಯನ್ನು ಒತ್ತಿ ಕೀಚ್ ಎನ್ನಿಸಿದರು, ಅದನ್ನು ಒಂದು ಮಾರು ದೂರದಲ್ಲಿಟ್ಟು "ಬಾ ಬಾ" ಎಂದರು. ಮಗು ಬಾತುಕೋಳಿಯನ್ನು ಮರ್ಯಾದೆಗೆಂಬಂತೆ ಒಮ್ಮೆ ನೋಡಿ, ಎರಡೂ ಕೈಗಳನ್ನು ಹೊಂಬಾಳಮ್ಮನ ಕಡೆ ಎತ್ತಿ ಕೂತುಬಿಟ್ಟಿತು. ಕೈ ಎತ್ತಿದರೆ ಎತ್ತಿಕೊಳ್ಳುತ್ತಾರೆ. ಹನ್ನೊಂದು ತಿಂಗಳಲ್ಲಿ ಅದು ಲೋಕದ ಬಗ್ಗೆ ಕಲಿತದ್ದು ಮುಖ್ಯವಾಗಿ ಇಷ್ಟು, ಮತ್ತು ಇದನ್ನು ಬಹಳ ಚೆನ್ನಾಗಿ ಕಲಿತಿತ್ತು.

"ಅಂಬೆಗಾಲಿಡ್ತಾಳಾ?"

"ಇಲ್ಲ ಮೇಡಂ" ಎಂದಳು ಮಾನಸ.

"ಏನಾದ್ರೂ ಹಿಡ್ಕೊಂಡು ನಿಲ್ತಾಳಾ?"

"ಇಲ್ಲ."

"ಹೊಟ್ಟೆ ಮೇಲೆ ತೆವಳೋದು? ಅದೂ ಇಲ್ವಾ?"

ಮಾನಸ ಹೊಂಬಾಳಮ್ಮನ ಕಡೆ ತಿರುಗಿದಳು. "ನೀವೇನಾದ್ರೂ ನೋಡಿದ್ದೀರಾ ಅತ್ಗೆ?"

ಗೋಡೆಯ ಮೇಲೊಂದು ದೊಡ್ಡ ಪಟವಿತ್ತು. ಅದರಲ್ಲಿ ಒಂದೇ ಮಗು ಎಡಗಡೆ ಮಲಗಿತ್ತು, ಮುಂದೆ ಕವುಚಿಬಿದ್ದಿತ್ತು, ಕೂತಿತ್ತು, ಅಂಬೆಗಾಲಿಟ್ಟಿತ್ತು, ಬಲಗಡೆ ತುದಿಯಲ್ಲಿ ಚಡ್ಡಿ ಹಾಕಿಕೊಂಡು ನಡೆದುಕೊಂಡು ಪಟದಿಂದಾಚೆಗೆ ಹೊರಟಿತ್ತು. ಹೊಂಬಾಳಮ್ಮ ಆ ಕೊನೆಯ ಮಗುವನ್ನೇ ನೋಡುತ್ತಿದ್ದಳು. ಅದನ್ನು ಎತ್ತಿಕೊಳ್ಳುವವರು ಪಟದಲ್ಲಿ ಎಲ್ಲೂ ಇರಲಿಲ್ಲ. "ಇಲ್ಲ" ಎಂದಳು. ಹಾಲಿದೆಯಾ ಎಂದರೆ ಇಲ್ಲ ಎನ್ನುವಷ್ಟೇ ಸಲೀಸಾಗಿ ಬಂತು.

ಹೆದರಿಕೊಳ್ಳುವುದೇನಿಲ್ಲ ಎಂದರು ಡಾಕ್ಟರಮ್ಮ. ಆ ಮಾತಿನ ನಂತರ ಡಾಕ್ಟರುಗಳು ಹೇಳುವುದೆಲ್ಲ ಹೆದರಿಕೊಳ್ಳುವಂಥದ್ದೇ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನಾಳೆ ನರದ ಡಾಕ್ಟರು ಸಿಗುತ್ತಾರೆ, ತಲೆಯ ಸ್ಕ್ಯಾನ್ ಬೇಕಾಗಬಹುದು, ಮಗು ಅಲ್ಲಾಡಬಾರದಾದ್ದರಿಂದ ನಿದ್ದೆಗೆ ಔಷಧಿ ಕೊಡುತ್ತಾರೆ. ಮಾನಸ ಎಲ್ಲಕ್ಕೂ ತಲೆಯಾಡಿಸಿದಳು. ಹೊಂಬಾಳಮ್ಮ ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡಾಗಿತ್ತು.

ಕೂಟಗಲ್ಲಿನ ಬಸ್ಸಿನಲ್ಲಿ ಮಾನಸ ಕಿಟಕಿಯ ಪಕ್ಕ ಕೂತು ಫೋನಿನಲ್ಲಿ ಬೇರೆಯವರ ಮಕ್ಕಳನ್ನು ನೋಡುತ್ತಿದ್ದಳು. ಅವೆಲ್ಲ ದಡದಡ ಅಂಬೆಗಾಲಿಟ್ಟು ಸೋಫಾ ಹತ್ತುತ್ತಿದ್ದವು. ಹೊಂಬಾಳಮ್ಮ ತೊಡೆಯ ಮೇಲೆ ಮಲಗಿದ ಮಗುವಿನ ಮಂಡಿಯನ್ನು ಬೆರಳಿನಿಂದ ಸವರಿದಳು. ಮೆತ್ತಗೆ, ಒಂದು ತರಚೂ ಇಲ್ಲದ ಮಂಡಿ. ಈ ವಯಸ್ಸಿಗೆ ಮಕ್ಕಳ ಮಂಡಿ ಕಪ್ಪಾಗಿರುತ್ತದೆ. ಇದರದ್ದು ಕಪ್ಪಾಗಬೇಕಿತ್ತು, ಹೋದ ತಿಂಗಳು ಹಿತ್ತಿಲ ಹೊಂಗೆಮರದ ಕೆಳಗೆ ಗೋಣಿತಟ್ಟಿನ ಮೇಲೆ ಕೂರಿಸಿ ಅವಳು ಅಕ್ಕಿ ಆರಿಸುತ್ತಿದ್ದಾಗ ಈ ಕೂಸು ಒಂದು ಕೋಳಿಯ ಹಿಂದೆ ಹೊರಟಿತು. ಕೈ ಊರಿತು, ಮಂಡಿ ಊರಿತು, ಅಂಡೆತ್ತಿತು, ಹೋಗೇಬಿಟ್ಟಿತು. ಹೊಂಬಾಳಮ್ಮ ಮೊರ ಹಿಡಿದು ಬಾಯಿ ಬಿಟ್ಟುಕೊಂಡು ನೋಡಿದಳು. ಎಷ್ಟು ಚೆಂದ ಹೋಗುತ್ತಿತ್ತು! ಕೋಳಿ ಬೇಲಿ ದಾಟಿತು, ಕೂಸು ಬೇಲಿಯ ತನಕ ಹೋಗಿ ಕೂತು ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ಹಿಂದಕ್ಕೆ ತಿರುಗಿ ನೋಡಲಿಲ್ಲ ಎನ್ನುವುದೇ ಅವಳಿಗೆ ಬಡಿದದ್ದು. ಓಡಿ ಹೋಗಿ ಎತ್ತಿಕೊಂಡಳು. ಮಾರನೆಯ ದಿನ ಅರ್ಧ ದಾರಿಯಲ್ಲೇ ಎತ್ತಿಕೊಂಡಳು. ಆಮೇಲೆ ಮಂಡಿ ಮಡಿಸುವ ಮೊದಲೇ. ಒಂದು ವಾರದಲ್ಲಿ ಕೂಸಿಗೆ ಅರ್ಥವಾಯಿತು, ಹೊರಡುವುದಕ್ಕಿಂತ ಕೈ ಎತ್ತುವುದೇ ಸುಲಭ ಅಂತ.

ಅದಕ್ಕೂ ಮುಂಚೆ ಅವಳು ಇಂಥವನ್ನು ಬಚ್ಚಿಟ್ಟದ್ದಕ್ಕೆ ಬೇರೆ ಕಾರಣವಿತ್ತು, ಅದಕ್ಕೆ ದೇವರು ಸಾಕ್ಷಿ. ಮಾನಸ ಬೆಳಗಾದರೆ ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗುತ್ತಿದ್ದಳು, ಬಂದರೆ ರೇಷ್ಮೆಹುಳಕ್ಕೆ ಹಾಕುತ್ತಿದ್ದಳು, ಹಾಕಿದರೆ ಕಸ ತೆಗೆಯುತ್ತಿದ್ದಳು. ಮಗು ಮೊದಲ ಸಲ ಕವುಚಿಬಿದ್ದಾಗ ಮನೆಯಲ್ಲಿ ಇದ್ದವಳು ಹೊಂಬಾಳಮ್ಮ ಒಬ್ಬಳೇ. ಅಯ್ಯೋ, ಹೆತ್ತವಳು ನೋಡಲಿಲ್ಲವಲ್ಲ ಎಂದು ಕರುಳು ಚುರುಕ್ಕೆಂದು, ಮಗುವನ್ನು ಮತ್ತೆ ಅಂಗಾತ ಮಲಗಿಸಿ ಸುಮ್ಮನಾದಳು. ಸಂಜೆ ಮಾನಸ "ಅತ್ಗೆ, ಬನ್ನಿ ಬನ್ನಿ, ಕವುಚ್ಕೊಂಡ್ಲು!" ಎಂದು ಕೂಗಿದಾಗ ಓಡಿ ಬಂದು "ಹೌದಾ! ನಿಜವಾಗ್ಲೂ?" ಎಂದು ಗಲ್ಲದ ಮೇಲೆ ಬೆರಳಿಟ್ಟಳು. ರಾಗಿ ಸರಿ ತಿನ್ನಿಸುವಾಗ ಬೆರಳಿಗೆ ಮೊದಲ ಹಲ್ಲು ತಾಗಿದ್ದನ್ನೂ ಹಾಗೇ ನುಂಗಿಕೊಂಡಳು. ಕೂಸು ತನ್ನನ್ನು ನೋಡಿ "ತ್ತೆ" ಎಂದಾಗ ಮಾತ್ರ ಅವಳಿಗೆ ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಯಾರೂ ಇಲ್ಲದಾಗ ಕೂರಿಸಿಕೊಂಡು "ಅಮ್ಮ ಅನ್ನು, ಅಮ್ಮ ಅನ್ನವ್ವ" ಎಂದು ತಿದ್ದಿದಳು. ಹೀಗೆ ಒಂದೊಂದನ್ನೂ ಮಾನಸಳಿಗೆ ಮೊದಲನೆಯದಾಗಿ ಮಾಡಿ ಕೊಟ್ಟು, ತಾನು ಒಳ್ಳೆಯವಳು ಎಂಬ ಒಂದು ಸಣ್ಣ ಹೆಮ್ಮೆ ಬೆಳೆಸಿಕೊಂಡಿದ್ದಳು. ಬಚ್ಚಿಡುವುದು ಕೈಗೆ ಹತ್ತಿದ ಮೇಲೆ ಯಾರಿಗಾಗಿ ಎನ್ನುವುದು ಬದಲಾದದ್ದು ಅವಳಿಗೇ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನುವುದೂ ಸುಳ್ಳೇ. ಬಸ್ಸು ಒಂದು ಹಂಪ್ ಹತ್ತಿ ಇಳಿಯಿತು. ಮಾನಸ ಫೋನಿನಿಂದ ತಲೆಯೆತ್ತದೆ, "ನನ್ ತಮ್ಮನೂ ನಡ್ದಿದ್ದು ತಡ ಅಂತಿದ್ಲು ನಮ್ಮಮ್ಮ. ಅದುಕ್ಕೇನಾ ಅತ್ಗೆ?" ಎಂದಳು. ಹೊಂಬಾಳಮ್ಮ "ಅಂಗೆಲ್ಲ ಏನೂ ಇರಕ್ಕಿಲ್ಲ ಸುಮ್ನಿರು" ಎಂದಳು. ಅಷ್ಟು ಸತ್ಯ ಹೇಳಿದ್ದಕ್ಕೇ ನಾಲಿಗೆ ಒಣಗಿತು.

ಮನೆಯೆಂದರೆ ಮುಕ್ಕಾಲು ಪಾಲು ಹುಳದ್ದು. ಹಜಾರದ ತುಂಬ ಸ್ಟ್ಯಾಂಡುಗಳು, ಅವುಗಳ ಮೇಲೆ ತಟ್ಟೆಗಳು. ಮನುಷ್ಯರು ಉಳಿದ ಜಾಗದಲ್ಲಿ ಹೊಂದಿಕೊಂಡಿದ್ದರು. ಹುಳಕ್ಕೆ ರೋಗ ಬರಬಾರದೆಂದು ಹೊಂಬಾಳಮ್ಮನ ತಮ್ಮ, ಮಾನಸಳ ಗಂಡ ಬೈರೇಶ್ ನೆಲಕ್ಕೆಲ್ಲ ಸುಣ್ಣದ ಪುಡಿ ಉದುರಿಸುತ್ತಿದ್ದ. ಒಂದು ಬೆಳೆ ಮುಗಿದರೆ ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು ಮತ್ತೊಂದು ಬೆಳೆಗೆ ಮತ್ತೆ ಸುಣ್ಣ. ಮಗು ಕೂರಲು ಕಲಿತ ಹೊತ್ತಿನಲ್ಲಿ ಒಮ್ಮೆ ಸುಣ್ಣದ ಕೈಯನ್ನು ಬಾಯಿಗಿಟ್ಟುಕೊಂಡು ಊರು ಕೇಳುವಂತೆ ಅತ್ತಿತ್ತು. ಅವತ್ತೇ ಬೈರೇಶ್, "ಅಕ್ಕ, ಕೂಸ್ನ ಕೆಳಗೆ ಬುಡಬ್ಯಾಡ" ಎಂದ. ಅದು ಆ ಹೊತ್ತಿಗೆ ಹೇಳಿದ ಮಾತು. ಆದರೆ ಆ ಮನೆಯಲ್ಲಿ ಹೊಂಬಾಳಮ್ಮನಿಗೆ ಯಾರಾದರೂ ಒಂದು ಕೆಲಸ ಹೇಳಿ ಬಹಳ ಕಾಲವಾಗಿತ್ತು, ಅವಳು ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

ಮರಳವಾಡಿಯ ಗಂಡನ ಮನೆಯಿಂದ ಅವಳು ವಾಪಸ್ಸು ಬಂದ ವರ್ಷ ಎರಡು ಬೆಳೆ ಕೈಕೊಟ್ಟಿತ್ತು. ಗಂಡ ಮಕ್ಕಳಾಗಲಿಲ್ಲವೆಂದು ಇನ್ನೊಬ್ಬಳನ್ನು ಕರೆದುಕೊಂಡು ಬಂದಿದ್ದ. ಹುಳಕ್ಕೆ ಹಾಲುರೋಗ ಬಂದಿತ್ತು. ಎರಡಕ್ಕೂ ಏನು ಸಂಬಂಧವೋ, ಅವ್ವ ತಿಮ್ಮಮ್ಮ ಮಾತ್ರ ಸಂಬಂಧ ಕಂಡುಕೊಂಡಳು. "ನಿನ್ ಕೈ ಹುಳುಕ್ಕೆ ಆಗ್ಬರಕ್ಕಿಲ್ಲ ಕಣವ್ವ, ನೀನು ಸೊಪ್ ಮುಟ್ಬ್ಯಾಡ" ಎಂದಳು. ಬೈಗುಳದ ಧ್ವನಿಯಲ್ಲ, ಮಜ್ಜಿಗೆ ಹುಳಿ ಬಂದಿದೆ ಎನ್ನುವ ಧ್ವನಿ. ಮದುವೆಗೆ ಮುಂಚೆ ಇದೇ ಕೈ ಇದೇ ಹಜಾರದಲ್ಲಿ ಎಷ್ಟೋ ಬೆಳೆ ತೆಗೆದಿತ್ತು. ಆಮೇಲೆ ಮಗು ಹುಟ್ಟಿತು. ನಾಮಕರಣದ ದಿನ ಸೋದರತ್ತೆ ತಾನಲ್ಲವೇ, ಕಿವಿಯಲ್ಲಿ ಹೆಸರು ಹೇಳುವವಳು ತಾನಲ್ಲವೇ ಎಂದು ಹೊಸ ಸೀರೆ ಉಟ್ಟು ತೊಟ್ಟಿಲ ಬಳಿ ನಿಂತಿದ್ದಳು. ತಿಮ್ಮಮ್ಮ ಯಾರ ಮುಖವನ್ನೂ ನೋಡದೆ ಚಿಕ್ಕಪ್ಪನ ಮಗಳು ದಿವ್ಯಳನ್ನು ಕೂಗಿದಳು. ಅವಳಿಗೆ ಎರಡು ಗಂಡುಮಕ್ಕಳು. ಹೊಂಬಾಳಮ್ಮ ಪಕ್ಕಕ್ಕೆ ಸರಿದು, ಹಾಗೆ ಸರಿಯುವುದಕ್ಕೆಂದೇ ಅಲ್ಲಿ ನಿಂತಿದ್ದವಳಂತೆ, ಕಡಲೆಪುರಿಯ ತಟ್ಟೆ ಎತ್ತಿಕೊಂಡು ಹಂಚಲು ಹೋದಳು. ದಿವ್ಯ ಮಗುವಿನ ಕಿವಿಯಲ್ಲಿ ಧೃತಿ ಎಂದು ಹೇಳಿದಳು. ತಿಮ್ಮಮ್ಮನಿಗೆ ಆ ಹೆಸರು ಇವತ್ತಿಗೂ ಬಾಯಿಗೆ ಬರುವುದಿಲ್ಲ, ಕೂಸು ಎಂದೇ ಕರೆಯುತ್ತಾಳೆ. ಕೂಸಿಗೆ ಎರಡು ತಿಂಗಳಾಗುತ್ತಲೇ ಮಾನಸ ಹುಳಕ್ಕೆ ಬೇಕಾದಳು, ಕೂಸನ್ನು ಹೊಂಬಾಳಮ್ಮನ ಕೈಗೆ ಹಾಕಿದರು. ಹುಳಕ್ಕೆ ಆಗಿಬರದ ಕೈ ಕೂಸಿಗೆ ಹೇಗೆ ಆಗಿಬಂತು ಎಂದು ಯಾರೂ ಕೇಳಲಿಲ್ಲ. ಹುಳಕ್ಕಾದರೆ ಮಾರ್ಕೆಟ್ಟಿನಲ್ಲಿ ರೇಟಿತ್ತು.

ಮೂವರೂ ಮನೆ ಮುಟ್ಟಿದಾಗ ಬೈರೇಶ್ ತಟ್ಟೆಗಳ ಕಸ ತೆಗೆಯುತ್ತಿದ್ದ. ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು. ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಎಲ್ಲವೂ ಒಟ್ಟಿಗೆ ಮಲಗಬೇಕು, ಒಟ್ಟಿಗೆ ಏಳಬೇಕು. ಹಿಂದೆ ಉಳಿದವನ್ನು ಬೈರೇಶ್ ಎರಡು ಬೆರಳಲ್ಲಿ ಎತ್ತಿ ಪುಟ್ಟಿಗೆ ಹಾಕುತ್ತಿದ್ದ. ಪುಟ್ಟಿ ತುಂಬಿದಾಗ ಹಿತ್ತಿಲಿಗೆ ಹೋಗಿ ಕೋಳಿಗಳಿಗೆ ಸುರಿಯುತ್ತಿದ್ದ. ಅದರಲ್ಲಿ ಅವನಿಗೆ ದ್ವೇಷವೇನೂ ಇರಲಿಲ್ಲ. ಮಾನಸ ಹೇಳುವುದನ್ನೆಲ್ಲ ಹುಳ ಆರಿಸುತ್ತಲೇ ಕೇಳಿಸಿಕೊಂಡು, ಕೈ ತೊಳೆದು, ಪರಿಚಯದ ಕಾರಿನವನಿಗೆ ಫೋನ್ ಮಾಡಿದ.

"ಶಿವಕುಮಾರ, ಬೆಳಿಗ್ಗೆ ಬೆಂಗ್ಳೂರ್ಗೆ ಓಗ್ಬೇಕು ಕಣ್ಲಾ. ಕೂಸ್ನ ತೋರುಸ್ಬೇಕು. ಹೂಂ, ತಲೆ ಸ್ಕ್ಯಾನ್ ಅಂತೆ."

ತಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಿಮ್ಮಮ್ಮ ಕಂಬಕ್ಕೆ ಒರಗಿದ್ದವಳು ನೆಟ್ಟಗೆ ಕೂತಳು. "ನಮ್ ವಂಶದಲ್ಲಿ ಯಾರೂ ಇಂಗಿರ್ನಿಲ್ಲ. ಬೈರ ಒಂಬತ್ ತಿಂಗ್ಳಿಗೇ ಗೋಡೆ ಇಡ್ದು ನಿಂತಿದ್ದ. ಇದು ಅವ್ರ ಕಡೆದು. ಇವ್ಳ ತಮ್ಮುಂಗೆ ಮಾತೂ ನೆಟ್ಟಗಿಲ್ಲ. ಒಸಿ ದಿನ ತವ್ರಲ್ಲೇ ಇದ್ಕಂಡು ತೋರುಸ್ಕಂಡ್ ಬರ್ಲಿ ಬುಡು, ಇಲ್ಲಿ ಹುಳ ನೋಡ್ಕಳೋರ್ಯಾರು, ಆಸ್ಪತ್ರೆಗೆ ಅಲಿಯೋರ್ಯಾರು."

"ಅವ್ವ, ಸುಮ್ಕಿರವ್ವ" ಎಂದ ಬೈರೇಶ್. ಬೇಡ ಎನ್ನಲಿಲ್ಲ.

ಮಾನಸ ಬಚ್ಚಲ ಕಡೆ ಹೋದಳು. ನಲ್ಲಿ ಬಿಟ್ಟ ಸದ್ದಾಯಿತು. ನೀರು ಬಹಳ ಹೊತ್ತು ಸುರಿಯಿತು, ಬಿಂದಿಗೆ ತುಂಬಿದ ಸದ್ದು ಮಾತ್ರ ಬರಲಿಲ್ಲ. ಹೊಂಬಾಳಮ್ಮ ಕೂಸನ್ನು ಎತ್ತಿಕೊಂಡೇ ಹಜಾರದಲ್ಲಿ ನಿಂತಿದ್ದಳು. ಒಂದು ಮಾತು ಹೇಳಿದರೆ ಮುಗಿಯಿತು. ಹೇಳಿದರೆ ಏನಾಗುತ್ತದೆ ಎನ್ನುವುದು ಅವಳಿಗೆ ಕ್ಲಿನಿಕ್ಕಿನ ಆ ಪಟದಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು: ಕೂಸು ಅಂಬೆಗಾಲಿಡುತ್ತದೆ, ನಡೆಯುತ್ತದೆ, ಅಂಗನವಾಡಿಗೆ ಹೋಗುತ್ತದೆ, ಸೊಪ್ಪು ಮುಟ್ಟಬಾರದ ಇವಳು ಕಂಬಕ್ಕೆ ಒರಗಿ ಕೂರುತ್ತಾಳೆ, ಅವ್ವ ಒರಗದೇ ಬಿಟ್ಟ ಇನ್ನೊಂದು ಕಂಬಕ್ಕೆ. ಕೂಸಿನ ಮಂಡಿ ಕಟ್ಟಿಹಾಕಿದವಳು ಎಂದು ಊರೆಲ್ಲ ಅನ್ನುತ್ತದೆ. ಬಂಜೆ ಮಾಡುವ ಕೆಲಸ ಎಂದು ದಿವ್ಯ ಅನ್ನುತ್ತಾಳೆ, ಅನ್ನದಿದ್ದರೂ ಅಂದುಕೊಳ್ಳುತ್ತಾಳೆ. ಹೇಳದಿದ್ದರೆ? ನಾಳೆ ಕೂಸಿಗೆ ನಿದ್ದೆಯ ಔಷಧಿ ಕೊಟ್ಟು ಗವಿಯಂಥ ಸ್ಕ್ಯಾನ್ ಮಿಷನ್ನಿನೊಳಗೆ ತಳ್ಳುತ್ತಾರೆ. ಮಾನಸ ಬ್ಯಾಗು ತೆಗೆದುಕೊಂಡು ತವರಿಗೆ ಹೋಗುತ್ತಾಳೆ, ಸೊಂಟದ ಮೇಲೆ ಕೂಸೂ ಹೋಗುತ್ತದೆ. ಎರಡರಲ್ಲೂ ತನ್ನ ಸೊಂಟ ಖಾಲಿಯೇ ಎಂದು ಲೆಕ್ಕ ಹಾಕಿ ನೋಡಿದಳು, ಹಾಗೆ ಲೆಕ್ಕ ಹಾಕಿದ್ದಕ್ಕೆ ತನ್ನ ಬಗ್ಗೆಯೇ ಅಸಹ್ಯವಾಯಿತು. ಬಚ್ಚಲಲ್ಲಿ ಹುಡುಗಿಯೊಬ್ಬಳು ಅಳುತ್ತಿದ್ದಾಳೆ, ನೀನು ಇಲ್ಲಿ ನಿಂತು ಕೂಡಿ ಕಳೀತಾ ಇದ್ದೀಯಲ್ಲೇ ಮುಂಡೆ, ಎಂದು ತನಗೆ ತಾನೇ ಬೈದುಕೊಂಡಳು.

"ಅಂಬೆಗಾಲಿಕ್ತದೆ ಅದು" ಎಂದಳು.

ಬೈರೇಶ್ ತಿರುಗಿದ. "ಏನಂದೆ?"

"ಕೂಸು. ತಿಂಗ್ಳಾಯ್ತು ಅಂಬೆಗಾಲಿಕ್ಕಿ. ನಾನೇ ಬುಡ್ತಿರ್ನಿಲ್ಲ, ಎತ್ಕಂಡ್ಬುಡ್ತಿದ್ದೆ."

ಮಾನಸ ಮುಖ ಒರೆಸಿಕೊಳ್ಳುತ್ತ ಬಚ್ಚಲ ಬಾಗಿಲಿಗೆ ಬಂದಳು. ತಿಮ್ಮಮ್ಮ ಲೊಚಗುಟ್ಟಿ, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, "ಪಾಪ, ಅವ್ಳಿಗೆ ಸಮಾಧಾನ ಆಗ್ಲಿ ಅಂತ ಯೋಳ್ತಾವ್ಳೆ" ಎಂದಳು. ಮಾನಸಳ ಕಣ್ಣಲ್ಲಿ ಮತ್ತೆ ನೀರು ತುಂಬಿತು. "ಅತ್ಗೆ, ನೀವ್ ನನಗೋಸ್ಕರ ಇಂಗೆಲ್ಲ ಯೋಳ್ಬ್ಯಾಡಿ" ಎಂದಳು. ಬದುಕಿನಲ್ಲಿ ಒಮ್ಮೆ ಬಾಯಿಬಿಟ್ಟು ಪಾಪ ಒಪ್ಪಿಕೊಂಡರೆ ಅದನ್ನೂ ಪುಣ್ಯದ ಖಾತೆಗೆ ಬರೆದುಕೊಳ್ಳುತ್ತಾರಲ್ಲ ಎಂದು ಹೊಂಬಾಳಮ್ಮನಿಗೆ ಸಿಟ್ಟು ಬಂತು. ಕೂಸನ್ನು ಹಜಾರದ ನಡುವೆ, ಸುಣ್ಣದ ಮೇಲೆಯೇ, ಕೂರಿಸಿಬಿಟ್ಟಳು.

"ಅಕ್ಕ! ಸುಣ್ಣ ಐತೆ, ಎತ್ಕೋ!"

"ಇರ್ಲಿ ಬುಡು. ನೋಡಿ ಎಲ್ರೂವೆ."

ಎಲ್ಲರೂ ನೋಡಿದರು. ಕೂಸು ಹೊಂಬಾಳಮ್ಮನನ್ನು ನೋಡಿ ಎರಡೂ ಕೈ ಎತ್ತಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು "ಬಾ, ಬಾ ಕಂದ" ಎಂದಳು. ಕೂಸು ಕೈಯನ್ನು ಇನ್ನೂ ಮೇಲಕ್ಕೆತ್ತಿತು. ಚಪ್ಪಾಳೆ ತಟ್ಟಿದಳು, ಕೋಳಿಯಂತೆ ಕೂಗಿದಳು. ಬೈರೇಶ್ ಮುಖ ಆಚೆ ತಿರುಗಿಸಿಕೊಂಡ. ಕೂಸಿನ ತುಟಿ ಸೊಟ್ಟಗಾಯಿತು, ಅಳು ಶುರುವಾಯಿತು, ಆದರೆ ಕೈ ಇಳಿಯಲಿಲ್ಲ. ಹೊಂಬಾಳಮ್ಮ ಚಪ್ಪಾಳೆ ನಿಲ್ಲಿಸಿದಳು. ಮರೆತುಹೋಯಿತೇ? ಬಂದದ್ದನ್ನು ತಾನು ಅಳಿಸಿಯೇಬಿಟ್ಟೆನೇ? ಡಾಕ್ಟರಮ್ಮ ಹೇಳಿದ್ದೇ ನಿಜವಾಗಿ, ಕೋಳಿಯ ಹಿಂದೆ ಹೋದದ್ದು ತನ್ನ ಭ್ರಮೆಯೇ? "ಸಾಕು ಬುಡಿ ಅತ್ಗೆ" ಎಂದು ಮಾನಸ ಮುಂದೆ ಬಂದಳು. "ಎತ್ಕಬ್ಯಾಡ!" ಎಂದು ಹೊಂಬಾಳಮ್ಮ ಕಿರುಚಿದ್ದು ಕೇಳಿ ಮಾನಸ ನಿಂತಲ್ಲೇ ನಿಂತಳು. ಆಗ ಹೊಂಬಾಳಮ್ಮನಿಗೆ ಹೊಳೆಯಿತು, ತಾನು ಕಣ್ಣೆದುರಿಗೆ ಇರುವ ತನಕ ಆ ಕೈ ಇಳಿಯುವುದಿಲ್ಲ. ಎತ್ತಿಕೊಳ್ಳುವವಳು ಇದ್ದಾಳೆ ಎಂದು ಅದಕ್ಕೆ ಗೊತ್ತು; ಗೊತ್ತು ಮಾಡಿಸಿದವಳೂ ಅವಳೇ. ಬೆನ್ನು ತಿರುಗಿಸಿ ಹೊಸಿಲು ದಾಟಿ ಅಂಗಳಕ್ಕೆ ಇಳಿದಳು, ನಿಲ್ಲಲಿಲ್ಲ, ಕುರಿದೊಡ್ಡಿಯ ಗೋಡೆಯ ಆಚೆಗೆ ಹೋಗಿ ನಿಂತಳು.

ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಕೂಸಿನ ಅಳು ಮಾತ್ರ ಕೇಳುತ್ತಿತ್ತು. ಸುಣ್ಣ ಬಾಯಿಗೆ ಹೋದ ದಿನ ಬಿಟ್ಟರೆ ಅವಳು ಹನ್ನೊಂದು ತಿಂಗಳಲ್ಲಿ ಅಷ್ಟು ದೊಡ್ಡ ಅಳುವನ್ನು ಕೇಳಿರಲಿಲ್ಲ, ಅಷ್ಟಾಗಲು ಬಿಟ್ಟಿದ್ದರೆ ತಾನೆ. ಕೈಗಳು ತಾವಾಗಿಯೇ ಮುಂದಕ್ಕೆ ಹೋಗುತ್ತಿದ್ದವು. ಸೀರೆಯ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು. ಒಂದು ಕುರಿ ಬಂದು ಅವಳನ್ನು ಮೂಸಿ ಹೋಯಿತು. ಅಳು ಏರಿತು, ಬಿಕ್ಕಳಿಕೆಯಾಯಿತು, ನಿಂತಿತು. ಯಾರೋ ಎತ್ತಿಕೊಂಡರು, ಮುಗಿಯಿತು ಎಂದುಕೊಂಡಳು. ಅಷ್ಟರಲ್ಲಿ ಮಾನಸ ಕಿರುಚಿದಳು. "ರೀ! ಬತ್ತಾವ್ಳೆ! ರೀ ನೋಡ್ರೀ!" ಬೈರೇಶ್ "ಲೇ ಲೇ ಲೇ" ಎಂದ. ಯಾವುದೋ ತಟ್ಟೆ ಬಿತ್ತು. ತಿಮ್ಮಮ್ಮನ ದನಿ ಎಲ್ಲಕ್ಕಿಂತ ಮೇಲೆ ಬಂತು: "ಹೊಸ್ಲು ದಾಟ್ತು ಕಣ್ಲಾ, ತೆಂಗಿನ್ಕಾಯಿ ತಕ್ಕಬಾ, ಬರೀ ಕೈಲಿ ಹೊಸ್ಲು ದಾಟ್ಬಾರ್ದು ಕೂಸು!" ಗೋಡೆಯ ಆಚೆ ನಿಂತು ಹೊಂಬಾಳಮ್ಮ ಇಷ್ಟನ್ನೂ ಕೇಳಿಸಿಕೊಂಡಳು. ಅಳುತ್ತಿದ್ದೇನೆ ಎಂದು ಗೊತ್ತಾದದ್ದು ಕತ್ತು ಒದ್ದೆಯಾದಾಗ.

ಅವಳು ವಾಪಸ್ಸು ಬಂದಾಗ ಕಾಯಿ ಒಡೆದಾಗಿತ್ತು. ಬೈರೇಶ್ ಫೋನಿನಲ್ಲಿ "ನಾಳೆ ಬ್ಯಾಡ ಕಣ್ಲಾ ಶಿವಕುಮಾರ" ಎನ್ನುತ್ತಿದ್ದ. ಮಾನಸ ಹೊಸಿಲ ಬಳಿ ಕೂತು ಕೂಸಿನ ಕೈಯ ಸುಣ್ಣವನ್ನು ಸೆರಗಿನಿಂದ ಒರೆಸುತ್ತಿದ್ದಳು. ತಲೆಯೆತ್ತಿದಳು.

"ನಿಜವಾಗ್ಲೂ ಒಂದ್ ತಿಂಗ್ಳಾ ಅತ್ಗೆ?"

"ಹೂಂ."

ಮಾನಸ ಅವಳನ್ನು ನೋಡಿದಳು. ಬೈಯುತ್ತಾಳೆ ಎಂದು ಹೊಂಬಾಳಮ್ಮ ಕಾದಳು, ಬೈದರೆ ಒಳ್ಳೆಯದು ಎಂದೂ ಅನ್ನಿಸಿತು. ಮಾನಸ ಬೈಯಲಿಲ್ಲ. ಕೂಸನ್ನು ತನ್ನ ತೊಡೆಗೆ ಎಳೆದುಕೊಂಡು ಸ್ವಲ್ಪ ಆಚೆ ತಿರುಗಿ ಕೂತಳು.

ಹುಳಕ್ಕೆ ಸೊಪ್ಪಿನ ಹೊತ್ತು ಮೀರುತ್ತಿತ್ತು. ಹೊಂಬಾಳಮ್ಮ ಕೈ ತೊಳೆದು, ಸೊಪ್ಪಿನ ರಾಶಿಗೆ ಮುಚ್ಚಿದ್ದ ಒದ್ದೆ ಗೋಣಿ ಸರಿಸಿ, ಒಂದು ತೆಕ್ಕೆ ಸೊಪ್ಪು ಎತ್ತಿಕೊಂಡಳು. "ನೀನು ಕೂಸಿನ್ ತಾವ ಇರು. ಸೊಪ್ ನಾನಾಕ್ತೀನಿ" ಎಂದು ಮಾನಸಳಿಗೆ ಹೇಳಿದಳು. ತಿಮ್ಮಮ್ಮ ಬಾಯಿ ತೆರೆದಳು. ಹೊಂಬಾಳಮ್ಮ ಅವಳ ಕಡೆ ನೋಡಿದ ನೋಟಕ್ಕೋ, ಬಾಯಲ್ಲಿದ್ದ ಕೊಬ್ಬರಿ ಚೂರಿಗೋ, ಅವಳು ಬಾಯಿ ಮುಚ್ಚಿದಳು. ಮೇಲಿನ ತಟ್ಟೆ, ಅದರ ಕೆಳಗಿನದು, ಅದರ ಕೆಳಗಿನದು. ಬೆರಳುಗಳಿಗೆ ಎಲ್ಲ ನೆನಪಿತ್ತು. ಹಿಂದೆ ಮಾನಸ ಮತ್ತು ಬೈರೇಶ್ ಏನೋ ಮಾತಾಡುತ್ತಿದ್ದರು. ತನ್ನ ಬಗ್ಗೆಯೇ ಇರಬೇಕು, ಇರಲಿ. ನಾಳೆಯಿಂದ ಈ ಕೈಗೆ ಕೊಟ್ಟರೆ ಸೊಪ್ಪು ಕೊಡುತ್ತಾರೆ, ಇಲ್ಲದಿದ್ದರೆ ಕಂಬವಿದೆ. ಹಾಗೆ ಅಂದುಕೊಳ್ಳುತ್ತಿದ್ದಾಗ ಸೀರೆಯ ಅಂಚನ್ನು ಏನೋ ಜಗ್ಗಿತು.

ಕೂಸು ಸ್ಟ್ಯಾಂಡಿನ ಕೆಳಗಿಂದ ನುಸುಳಿ ಬಂದಿತ್ತು. ಮೈಯೆಲ್ಲ ಸುಣ್ಣ. ಅವಳ ಮುಖ ನೋಡಿ ಕೈ ಎತ್ತಿತು. ಹೊಂಬಾಳಮ್ಮನ ಎರಡೂ ತೋಳಿನಲ್ಲಿ ಸೊಪ್ಪಿತ್ತು. ಅದನ್ನು ಕೆಳಗೆ ಹಾಕಲು ಒಂದು ನಿಮಿಷವೂ ಬೇಡ. ಅವಳು ಹಾಕಲಿಲ್ಲ. ಕೂಸು ಕಾದು, ಬೇಸತ್ತು, ಅವಳ ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿಯಿತು. ಜಗ್ಗಿತು. ಒಂದು ಮಂಡಿ ಎತ್ತಿತು, ಅಂಡು ಎತ್ತಿತು, ಕುಸಿಯಿತು, ಮತ್ತೆ ಎತ್ತಿತು. ಅಂಗಾಲು ನೆಲಕ್ಕೆ ಪೂರಾ ತಾಗಿತು. ಎರಡು ಸಣ್ಣ ಕಾಲುಗಳ ಮೇಲೆ ನಡುಗುತ್ತ ನಿಂತು, ತಾನೆಲ್ಲಿದ್ದೇನೆ ಎಂದು ತನಗೇ ಗೊತ್ತಾಗದಂತೆ, ಮುಖ ಮೇಲಕ್ಕೆತ್ತಿತು. ಹಜಾರದಲ್ಲಿ ಅವರತ್ತ ಯಾರೂ ನೋಡುತ್ತಿರಲಿಲ್ಲ.

"ಮಾನಸಾ!" ಎಂದು ಹೊಂಬಾಳಮ್ಮ ಗಂಟಲು ಹರಿಯುವಂತೆ ಕೂಗಿದಳು. "ನಿಂತವ್ಳೆ ಬಾರೇ! ಬಿಟ್ಟಾಕು ಎಲ್ಲಾನೂವೆ, ಬೀಳಕ್ಮುಂಚೆ ಬಾ!"